ನೇಪಾಳದ ಹಳ್ಳಿಗೆ ಸೇವಾಯಾತ್ರೆ: ಮೊದಲ ಸಲ ಹೊರಡುವವರಿಗೆ ಹಂತ ಹಂತದ ಕೈಪಿಡಿ

2015ರ ಏಪ್ರಿಲ್ 25ರಂದು ಗೋರ್ಖಾ ಜಿಲ್ಲೆಯ ಬಾರ್ಪಾಕ್ ಬಳಿ ಸಂಭವಿಸಿದ 7.8 ತೀವ್ರತೆಯ ಭೂಕಂಪಕ್ಕೆ ನೇಪಾಳದಲ್ಲಿ ಸುಮಾರು 9 ಸಾವಿರ ಜನ ಬಲಿಯಾದರು. ಗುಡ್ಡಗಾಡಿನ ಕಲ್ಲು-ಮಣ್ಣಿನ ಮನೆಗಳು ಲಕ್ಷಗಟ್ಟಲೆ ಕುಸಿದವು. 2023ರ ನವೆಂಬರ್‌ನಲ್ಲಿ ಜಾಜರ್‌ಕೋಟ್ ಕಡೆ ಮತ್ತೆ ಭೂಮಿ ನಡುಗಿ 150ಕ್ಕೂ ಹೆಚ್ಚು ಜನ ಸತ್ತರು. ಇಂಥ ಊರುಗಳ ಜೊತೆ ನಿಲ್ಲಬೇಕೆಂದು ಚರ್ಚು, ಮಠ, ಗುರುದ್ವಾರಗಳ ಮೂಲಕ ಹೊರಡುವವರು ಇದ್ದಾರೆ. ನೀವೂ ಹೊರಡಬೇಕೆಂದಿದ್ದರೆ ಒಂದು ಮಾತು ಗಟ್ಟಿ ಮಾಡಿಕೊಳ್ಳಿ: ಕೆಲಸ ಯಾವುದೆಂದು ಹಳ್ಳಿಯವರು ಹೇಳಬೇಕು, ನಾವು ಕೈ ಜೋಡಿಸಬೇಕು. ಕೆಳಗಿನ ಹಂತಗಳೆಲ್ಲ ಈ ಮಾತಿನ ಮೇಲೇ ನಿಂತಿವೆ.

ಹಂತ 1: ತಂಡವನ್ನು ಪರೀಕ್ಷಿಸಿ

ಸಂಘಟಕರನ್ನು ನಾಲ್ಕು ಪ್ರಶ್ನೆ ಕೇಳಿ. ನಮ್ಮನ್ನು ಕರೆದವರು ಯಾರು? ಆ ಊರಿನೊಂದಿಗೆ ನಿಮ್ಮ ನಂಟು ಎಷ್ಟು ವರ್ಷದ್ದು? ನಾವು ಕಟ್ಟುವ ಹಣದಲ್ಲಿ ಊರಿಗೆ ಸೇರುವುದೆಷ್ಟು? ನಾವು ವಾಪಸಾದ ಮೇಲೆ ಕೆಲಸ ಮುಂದುವರಿಸುವವರು ಯಾರು? ಉತ್ತರ ಬರಹದಲ್ಲಿ ಸಿಗಬೇಕು.

ಸ್ಥಳೀಯ ಸಂಸ್ಥೆಯೊಂದು ಜೊತೆಗಿರಲೇಬೇಕು. ಅದು ನೇಪಾಳದ ಸಮಾಜ ಕಲ್ಯಾಣ ಪರಿಷತ್ತಿನೊಂದಿಗೆ ಸಂಯೋಜನೆ ಹೊಂದಿದೆಯೇ ಎಂದು ನೋಡಿ. ಕ್ಯಾಥೊಲಿಕ್ ಧರ್ಮಸಭೆಯ ಸೇವಾಂಗವಾದ ಕಾರಿತಾಸ್ ನೇಪಾಳ 1990ರಿಂದ ಅಲ್ಲಿದೆ. 1976ರಲ್ಲಿ ಅಮೆರಿಕದಲ್ಲಿ ಕ್ರೈಸ್ತ ನಂಬಿಕೆಯ ಮೇಲೆ ಹುಟ್ಟಿ ಬಡವರಿಗೆ ಮನೆ ಕಟ್ಟಲು ನೆರವಾಗುವ ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ 1997ರಿಂದ ಅಲ್ಲಿ ಕೆಲಸ ಮಾಡುತ್ತಿದೆ. ಹೊರಗಿನ ತಂಡಗಳನ್ನು ಇವರಲ್ಲಿ ಯಾರು, ಯಾವಾಗ ಕರೆಸಿಕೊಳ್ಳುತ್ತಾರೆಂದು ನೇರವಾಗಿ ವಿಚಾರಿಸಿ.

ಹಂತ 2: ಅನಾಥಾಲಯದ ಕೆಲಸ ಒಪ್ಪಬೇಡಿ

ಇದರಲ್ಲಿ ರಾಜಿ ಬೇಡ. ನೇಪಾಳದ ಅನಾಥಾಲಯಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಇದ್ದಾರೆ. ಓದಿಸುತ್ತೇವೆಂದು ನಂಬಿಸಿ ದೂರದ ಹಳ್ಳಿಗಳಿಂದ ಮಕ್ಕಳನ್ನು ಕರೆತಂದು, ಪ್ರವಾಸಿಗರ ಕರುಣೆಯನ್ನೇ ಆದಾಯ ಮಾಡಿಕೊಂಡ ದಲ್ಲಾಳಿಗಳ ಜಾಲ ಅಲ್ಲಿ ಬೆಳೆದಿದೆ. ಕಠ್ಮಂಡು, ಪೊಖರಾ, ಚಿತ್ವನ್‌ನಂಥ ಪ್ರವಾಸಿ ತಾಣಗಳ ಸುತ್ತಲೇ ಇಂಥ ಮನೆಗಳು ಹೆಚ್ಚಿರುವುದು ಕಾಕತಾಳೀಯವಲ್ಲ. ವಾರವಿಡೀ ಮಗುವನ್ನು ಎತ್ತಿ ಆಡಿಸಿ ಹೊರಟುಬಂದರೆ ಆ ಮಗುವಿಗೆ ಇನ್ನೊಂದು ಅಗಲಿಕೆ, ದಲ್ಲಾಳಿಗೆ ಇನ್ನಷ್ಟು ಗಿರಾಕಿ. ಮನೆ, ಶಾಲೆಯ ಶೌಚಾಲಯ, ಕುಡಿಯುವ ನೀರಿನ ಕೊಳವೆ, ಕಾಲುದಾರಿ: ಇಂಥ ಕೆಲಸ ಆರಿಸಿಕೊಳ್ಳಿ.

ಹಂತ 3: ಕಾಲ, ಕಾಗದ, ಹಣ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಗುಡ್ಡ ಜರಿದು ರಸ್ತೆ ಮುಚ್ಚುತ್ತದೆ, ಊರವರು ಭತ್ತದ ನಾಟಿಯಲ್ಲಿರುತ್ತಾರೆ. ಅಲ್ಲಿಯ ದಸರೆಯಾದ ದಶೈಂ ಹಬ್ಬದ ದಿನಗಳಲ್ಲಿ ಯಾರೂ ಕೆಲಸಕ್ಕೆ ಸಿಗುವುದಿಲ್ಲ. ಹಬ್ಬ ಮುಗಿದ ಮೇಲಿನ ನವೆಂಬರ್, ಇಲ್ಲವೇ ಫೆಬ್ರವರಿ–ಮಾರ್ಚ್ ಅನುಕೂಲ.

ಭಾರತೀಯರಿಗೆ ವೀಸಾ ಬೇಡ. ವಿಮಾನದಲ್ಲಿ ಹೋಗುವವರು ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಒಯ್ಯಿರಿ. 15ರಿಂದ 65 ವರ್ಷದೊಳಗಿನವರಿಗೆ ಆಧಾರ್ ಸಾಲದು. ರೈಲಿನವರಿಗೆ ಯಶವಂತಪುರದಿಂದ ಗೋರಖ್‌ಪುರ ಎಕ್ಸ್‌ಪ್ರೆಸ್ ಇದೆ. ಅಲ್ಲಿಂದ ಬಸ್ಸಿನಲ್ಲಿ ಸೊನೌಲಿ ಗಡಿ.

ನಮ್ಮ 100 ರೂಪಾಯಿಗೆ ಅಲ್ಲಿಯ 160. ಭಾರತದ ದೊಡ್ಡ ನೋಟುಗಳ ನಿಯಮ ಬದಲಾಗುತ್ತಿರುತ್ತದೆ, ಹೊರಡುವ ಮುನ್ನ ಕೇಳಿ. ಟೈಫಾಯ್ಡ್, ಹೆಪಟೈಟಿಸ್ ಎ, ಧನುರ್ವಾಯು ಲಸಿಕೆ ಬಗ್ಗೆ ವೈದ್ಯರೊಂದಿಗೆ ಮಾತಾಡಿ. ಪ್ರಯಾಣ ವಿಮೆ ಮಾಡಿಸಿ.

ಹಂತ 4: ಧರ್ಮದ ವಿಷಯದಲ್ಲಿ ಕಾನೂನು ತಿಳಿದಿರಲಿ

ನೇಪಾಳದ ಸಂವಿಧಾನವೂ 2018ರಲ್ಲಿ ಜಾರಿಗೆ ಬಂದ ಅಪರಾಧ ಸಂಹಿತೆಯೂ ಮತಾಂತರ ಮಾಡಿಸುವುದನ್ನು ನಿಷೇಧಿಸಿವೆ. ಶಿಕ್ಷೆ 5 ವರ್ಷದವರೆಗೆ ಜೈಲು, 50 ಸಾವಿರ ನೇಪಾಳಿ ರೂಪಾಯಿವರೆಗೆ ದಂಡ. ವಿದೇಶಿಯರಾದರೆ ಶಿಕ್ಷೆಯ ನಂತರ ಗಡೀಪಾರು. ಕರಪತ್ರ, ಧರ್ಮಗ್ರಂಥ ಹಂಚಲು ಒಯ್ಯಬೇಡಿ. ನಿಮ್ಮ ಪ್ರಾರ್ಥನೆ ನಿಮ್ಮ ತಂಡದೊಳಗಿರಲಿ. ಕಾನೂನು ಇಲ್ಲದಿದ್ದರೂ ಇದೇ ಸರಿ: ಸೂರಿಲ್ಲದವನ ಮುಂದೆ ಇಟ್ಟಿಗೆಯನ್ನೂ ಉಪದೇಶವನ್ನೂ ಒಟ್ಟಿಗೆ ಇಟ್ಟರೆ ಬೇಡವೆನ್ನುವ ಸ್ವಾತಂತ್ರ್ಯ ಅವನಿಗೆ ಉಳಿಯುವುದಿಲ್ಲ. ಅಲ್ಲಿ ವಾರದ ರಜೆ ಶನಿವಾರ. ಹೆಚ್ಚಿನ ಚರ್ಚುಗಳಲ್ಲಿ ಆರಾಧನೆಯೂ ಅಂದೇ. ಸ್ಥಳೀಯರು ಕರೆದರೆ ಹೋಗಿ ಕೂರಿ.

ಹಂತ 5: ಊರಿನಲ್ಲಿ ಕೂಲಿಯಾಳಾಗಿರಿ

ಗೋಡೆ ಕಟ್ಟುವುದು ಅಲ್ಲಿಯ ಗಾರೆಯವರ ಕೆಲಸ. ಅವರನ್ನು ಡಕರ್ಮಿ ಎನ್ನುತ್ತಾರೆ. ಅವರ ದಿನಗೂಲಿ ನಿಮ್ಮಿಂದಾಗಿ ತಪ್ಪಬಾರದು. ಅದನ್ನು ಯಾತ್ರೆಯ ಲೆಕ್ಕದಲ್ಲೇ ಸೇರಿಸಿ. ನೀವು ಸಾಲಾಗಿ ನಿಂತು ಕೈಯಿಂದ ಕೈಗೆ ಕಲ್ಲು ದಾಟಿಸಿ, ಮಣ್ಣು ಕಲಸಿ, ನೀರು ಹೊರಿ. ಕಿಟಕಿಯ ಕೆಳಗೆ ಮತ್ತು ಲಿಂಟಲ್ ಮಟ್ಟದಲ್ಲಿ ಮನೆಯ ಸುತ್ತ ಒಂದೊಂದು ಪಟ್ಟಿ ಹಾಕುವುದನ್ನು ನೋಡುವಿರಿ: ನೆಲ ಅಲುಗಿದಾಗ ನಾಲ್ಕೂ ಗೋಡೆಗಳನ್ನು ಒಟ್ಟಿಗೆ ಹಿಡಿದಿಡುವುದು ಇದೇ. ಅವಸರ ಮಾಡಿ ಅದನ್ನು ಕೆಡಿಸಬೇಡಿ. ನಮ್ಮ ಮುಯ್ಯಾಳಿನಂತೆ ಅಲ್ಲಿ ಪರ್ಮ ಪದ್ಧತಿಯಿದೆ. ಒಬ್ಬರ ಕೆಲಸಕ್ಕೆ ಊರೇ ಸೇರುವುದು ಅವರಿಗೆ ಹೊಸದಲ್ಲ.

ಗುಡ್ಡದ ಹಳ್ಳಿಗಳಲ್ಲಿ ಬೆಳಗ್ಗೆ ಹತ್ತರ ಸುಮಾರಿಗೆ ದಾಲ್-ಭಾತ್, ಸಂಜೆ ಮತ್ತೆ ಅದೇ. ಎಂಜಲು-ಮಡಿ ಅಲ್ಲೂ ಕಟ್ಟುನಿಟ್ಟು: ಉಣ್ಣುವ ಕೈಯಿಂದ ಪಾತ್ರೆ ಮುಟ್ಟಬೇಡಿ, ಕರೆಯದೆ ಅಡುಗೆ ಒಲೆಯ ಬಳಿ ಹೋಗಬೇಡಿ. ಹಿರಿಯ ಗಂಡಸರನ್ನು ದಾಯಿ, ಹೆಂಗಸರನ್ನು ದಿದಿ ಎಂದು ಕರೆಯಿರಿ. ಒಪ್ಪಿಗೆಯಿಲ್ಲದೆ ಯಾರ ಫೋಟೊವನ್ನೂ, ಅದರಲ್ಲೂ ಮಕ್ಕಳದ್ದನ್ನು, ತೆಗೆಯಬೇಡಿ. ಚಾಕಲೇಟು, ನೋಟು ಹಂಚಬೇಡಿ. ಕೊಡುವುದಿದ್ದರೆ ಊರಿನ ಸಮಿತಿಗೆ ಕೊಡಿ.

ಹಂತ 6: ವಾಪಸಾದ ಮೇಲೆ

ಖರ್ಚಿನ ಲೆಕ್ಕವನ್ನು ನಿಮ್ಮ ಚರ್ಚು ಅಥವಾ ಮಠದ ಮುಂದಿಡಿ. ಕಂಡ ಬಡತನದ ಜೊತೆಗೆ ಆ ಜನರ ಜಾಣ್ಮೆ, ದುಡಿಮೆಯನ್ನೂ ಹೇಳಿ. ಕರ್ನಾಟಕದ ಎಷ್ಟೋ ಅಪಾರ್ಟ್‌ಮೆಂಟುಗಳ ಕಾವಲುಗಾರರು, ಹೋಟೆಲುಗಳ ಅಡುಗೆಯವರು ಇದೇ ಗುಡ್ಡಗಳಿಂದ ಬಂದವರು. ಅವರ ಸಂಬಳ, ವಸತಿ, ಮಕ್ಕಳ ಶಾಲೆಯ ಬಗ್ಗೆ ವಿಚಾರಿಸುವುದೂ ಈ ಯಾತ್ರೆಯ ಭಾಗವೇ.

ಕೊನೆಗೊಂದು ಮನವಿ. ಪ್ರತಿ ವರ್ಷ ಹೊಸ ದೇಶ, ಹೊಸ ಊರು ಹುಡುಕಬೇಡಿ. ಹಿಡಿದ ಒಂದೇ ಹಳ್ಳಿಯನ್ನು ಬಿಡದೆ ಹಿಡಿಯಿರಿ. ಹೋಗಲಾಗದ ವರ್ಷ ಅಲ್ಲಿಯ ದಾಯಿಗೊಂದು ಫೋನ್ ಮಾಡಿ, ಈಗೇನು ಬೇಕೆಂದು ಕೇಳಿ, ಆ ಮಾತನ್ನು ನಿಮ್ಮ ತಂಡಕ್ಕೆ ಮುಟ್ಟಿಸಿ.