ಸಿಮೆಂಟ್ ಸೋವಿ ಆಯಿತೆಂದು ಸ್ಲ್ಯಾಬ್ ಹಾಕಬೇಡಿ

2025ರ ಸೆಪ್ಟೆಂಬರ್ 22ರಂದು ಸಿಮೆಂಟಿನ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಆ ವಾರವೇ ಸವಣೂರು ಕಡೆಯ ಹಳ್ಳಿಯಿಂದ ತಂಗಿ ಫೋನ್ ಮಾಡಿದಳು: ‘ಅಣ್ಣಾ, ಸಿಮೆಂಟ್ ಸೋವಿ ಆಗೇತಂತ. ಹಂಚು ಇಳಿಸಿ ಈ ವರ್ಷ ಸ್ಲ್ಯಾಬ್ ಹಾಕಿಸಿಬಿಡೂಣು ಅಂತಾರ ಇವರು.’ ಶಿಗ್ಗಾವಿಯ ಚಿಕ್ಕಪ್ಪನದೂ ಅದೇ ಮಾತು. ಹಿರೇಕೆರೂರಿನ ಮಾವನ ಮನೆಯಲ್ಲಂತೂ ಆಗಲೇ ಒಂದು ಬ್ರಾಸ್ ಉಸುಕು ಅಂಗಳಕ್ಕೆ ಬಂದು ಬಿದ್ದಿತ್ತು. ಹಣದ ಬಗ್ಗೆ ಬರೆಯುವವನು ಮನೆಮಂದಿಯ ಪಾಲಿಗೆ ಪುಕ್ಕಟೆ ಎಂಜಿನಿಯರ್ ಕೂಡ. ನಾನು ಎಂಜಿನಿಯರ್ ಅಲ್ಲ, ಲೆಕ್ಕ ಮಾತ್ರ ಹಾಕಬಲ್ಲೆ. ಹಾಕಿದೆ.

ಮೊದಲು ಸೋವಿಯ ಲೆಕ್ಕ. ತೆರಿಗೆ ಸೇರಿ 384 ರೂಪಾಯಿಗೆ ಸಿಗುತ್ತಿದ್ದ ಚೀಲದ ಮೂಲಬೆಲೆ 300 ರೂಪಾಯಿ. ಹೊಸ ತೆರಿಗೆಯಲ್ಲಿ ಅದು 354 ಆಗುತ್ತದೆ, ಚೀಲಕ್ಕೆ 30 ರೂಪಾಯಿ ಉಳಿತಾಯ. 600 ಚದರಡಿಗೆ ಐದು ಇಂಚು ದಪ್ಪದ ಸ್ಲ್ಯಾಬ್ ಎಂದರೆ 250 ಘನ ಅಡಿ, ಅಂದರೆ ಏಳು ಘನ ಮೀಟರ್ ಕಾಂಕ್ರೀಟ್. ಘನ ಮೀಟರಿಗೆ ಎಂಟು ಚೀಲದಂತೆ ಹಿಡಿದರೆ 57 ಚೀಲ ಬೇಕು. ಒಟ್ಟು ಉಳಿಯುವುದು 1,700 ರೂಪಾಯಿ! ಒಬ್ಬ ಗೌಂಡಿ, ಇಬ್ಬರು ಆಳಿನ ಒಂದು ದಿನದ ಪಗಾರ. ಕಬ್ಬಿಣದ ಮೇಲಿನ ತೆರಿಗೆ ಮೊದಲೂ ಶೇ 18, ಈಗಲೂ ಶೇ 18. ತಂಗಿಯ ಮನೆಗೆ ಗೌಂಡಿ ಹೇಳಿದ್ದ ಅಂದಾಜು ಒಂದೂಮುಕ್ಕಾಲು ಲಕ್ಷ. ಅಷ್ಟು ದೊಡ್ಡ ಮೊತ್ತವನ್ನು 1,700 ರೂಪಾಯಿಯ ಆಸೆಗೆ ಕೈಬಿಚ್ಚಿ ಕೊಡಲು ಹೊರಟಿದ್ದರು.

ಎರಡನೆಯದು ಭಾರದ ಲೆಕ್ಕ. ಏಳು ಘನ ಮೀಟರ್ ಕಾಂಕ್ರೀಟ್, ಕಬ್ಬಿಣ ಸೇರಿ, ಹದಿನೇಳೂವರೆ ಟನ್ ತೂಗುತ್ತದೆ. ಅಷ್ಟೇ ಜಾಗಕ್ಕೆ ಮಂಗಳೂರು ಹಂಚು, ಇಳಿಜಾರು ಸೇರಿ ಸಾವಿರ ಬೇಕೆಂದುಕೊಂಡರೂ ಎರಡೂವರೆ ಟನ್. ತೊಲೆ, ರೀಪು ಬೇಕಾದರೆ ಸೇರಿಸಿಕೊಳ್ಳಿ. ಹಂಚು ಹೊತ್ತು ಅಭ್ಯಾಸವಾದ ಮಣ್ಣಿನ ಗೋಡೆಯ ಮೇಲೆ ಒಂದೇ ದಿನದಲ್ಲಿ ಅದರ ಹಲವು ಪಟ್ಟು ಭಾರ ಬಂದು ಕೂರುತ್ತದೆ. ‘ಹಿಂದ ಮಣ್ಣಿನ ಮಾಳಗಿ ಹೊತ್ತ ಗೋಡಿನ ಅಲ್ಲೇನ ಇವು?’ ಎಂದು ತಂಗಿಯ ಗಂಡ ಕೇಳಿದರು. ಪ್ರಶ್ನೆ ಸರಿಯಾದದ್ದೇ. ಎರಡಡಿ ದಪ್ಪದ ಮಣ್ಣಿನ ಗೋಡೆ ಒಣಗಿದ್ದಾಗ ಬಹಳ ಗಟ್ಟಿ. ಆದರೆ ಮಾಳಿಗೆಯ ಭಾರವನ್ನು ಹೆಚ್ಚಾಗಿ ಹೊರುತ್ತಿದ್ದದ್ದು ಕಂಬ, ತೊಲೆ, ಜಂತಿ, ಗೋಡೆ ಸುತ್ತುಗಟ್ಟಾಗಿತ್ತು. ಮೇಲಾಗಿ ಹಂಚಿನ ಸೂರು ಎರಡಡಿ ಹೊರಗೆ ಚಾಚಿ ಗೋಡೆಯನ್ನು ಮಳೆಯಿಂದ ಕಾಯುತ್ತದೆ. ಈಗಿನ ಸ್ಲ್ಯಾಬನ್ನು ಖರ್ಚು ಉಳಿಸಲು ಗೋಡೆಯ ಅಂಚಿಗೇ ಕತ್ತರಿಸಿಬಿಡುತ್ತಾರೆ. ಭಾರ ಹೆಚ್ಚಾಯಿತು, ಸೂರು ಹೋಯಿತು. ಹಾನಗಲ್ಲಿನ ಆಷಾಢದ ಜಡಿಮಳೆ ನೇರವಾಗಿ ಗೋಡೆಗೇ ಹೊಡೆಯುತ್ತದೆ.

ನೀರು ಕುಡಿದ ಮಣ್ಣಿನ ಗೋಡೆ ಏನು ಮಾಡುತ್ತದೆ ಎಂಬುದನ್ನು ನಮ್ಮ ಜಿಲ್ಲೆಗೆ ಯಾರೂ ಹೇಳಿಕೊಡಬೇಕಿಲ್ಲ. 2019ರ ಆಗಸ್ಟ್ ನೆರೆ ಎಲ್ಲರಿಗೂ ನೆನಪಿದೆ. 2024ರ ಜುಲೈಯಲ್ಲಿ ಸವಣೂರು ತಾಲ್ಲೂಕಿನ ಮಾದಾಪುರದಲ್ಲಿ ಹಳೆಯ ಮನೆ ಕುಸಿದು ಒಂದೇ ಕುಟುಂಬದ ಮೂವರು ಹೋದರು. ಅವರಲ್ಲಿ ಇಬ್ಬರು ಕೂಸುಗಳು. ಗೋಡೆ ಬೀಳುವುದು ಮಳೆ ಜೋರಾಗಿ ಹೊಡೆಯುವಾಗಲೇ ಎಂದೇನಿಲ್ಲ, ಮಳೆ ನಿಂತು ಬಿಸಿಲು ಬಿದ್ದ ಮೇಲೂ ಬೀಳುತ್ತದೆ.

ತಂಗಿಯ ಮನೆಗೆ ಹೋಗಿ ನೋಡಿದೆ. ಹೊರಗೋಡೆಗೆ ಹಿಂದೆಂದೋ ಸಿಮೆಂಟಿನ ಗಿಲಾವು ಮಾಡಿಸಿ ಬಣ್ಣ ಬಳಿದಿದ್ದರು. ದೂರದಿಂದ ನೋಡಿದರೆ ಪಕ್ಕಾ ಮನೆ. ಹತ್ತಿರ ಹೋಗಿ ನೆಲದಿಂದ ಒಂದಡಿ ಎತ್ತರದಲ್ಲಿ ಬೆರಳ ಗೆಣ್ಣಿನಿಂದ ಬಡಿದರೆ ಟೊಳ್ಳು ಸದ್ದು. ಉಬ್ಬಿದ ಕಡೆ ಉಳಿ ಹಾಕಿದ್ದೇ ತಡ, ತಟ್ಟೆಯಗಲದ ಹಪ್ಪಳಿಕೆ ಕಳಚಿ ಬಿತ್ತು. ಹಿಂದಿನ ಮಣ್ಣು ದಸರೆ ಕಳೆದರೂ ಹಸಿಯಾಗಿತ್ತು. ಬೆರಳಿಟ್ಟರೆ ಇಳಿಯುತ್ತಿತ್ತು, ಒಳಗೆ ಗೆದ್ದಲಿನ ಹಾದಿ. ಮಣ್ಣಿನ ಗೋಡೆ ನೆಲದಿಂದ ತೇವ ಎಳೆಯುತ್ತದೆ, ಗಾಳಿಗೆ ಬಿಡುತ್ತದೆ. ಮಣ್ಣು, ಹೊಟ್ಟು, ಸಗಣಿ ಕಲಸಿ ಮೆತ್ತಿದ್ದರೆ ಅಥವಾ ಸುಣ್ಣದ ಗಾರೆ ಇದ್ದಿದ್ದರೆ ತೇವ ಆರಿ ಹೊರಗೆ ಹೋಗುತ್ತಿತ್ತು. ಸಿಮೆಂಟ್ ಆ ದಾರಿ ಮುಚ್ಚುತ್ತದೆ. ಸವಣೂರಿನ ನವಾಬರ ಕಾಲದ ಗಾರೆ ಗೋಡೆಗಳು ಇನ್ನೂ ನಿಂತಿವೆ. ಆ ಕೆಲಸ ಬಲ್ಲ ಗೌಂಡಿಗಳು ಈಗ ಹುಡುಕಿದರೂ ಸಿಗುವುದಿಲ್ಲ, ಅದು ಬೇರೆ ಸಂಕಟ. ಗಿಲಾವಿಗೆ ಅಂದು ಸುರಿದ ದುಡ್ಡು ಹಾಳಾದದ್ದಷ್ಟೇ ಅಲ್ಲ, ಗೋಡೆಯನ್ನೂ ಒಳಗೊಳಗೇ ತಿಂದಿತ್ತು. ಇಂಥ ಗೋಡೆಯ ಮೇಲೆ ಹದಿನೇಳೂವರೆ ಟನ್ ಹೇರುವ ಮಾತು ಅಲ್ಲಿಗೇ ನಿಂತಿತು.

ನೀರು ಕಾಡುವುದು ಮಣ್ಣಿನ ಗೋಡೆಯನ್ನಷ್ಟೇ ಅಲ್ಲ. ನಮ್ಮಣ್ಣನ ಮಗ ಷಿಕಾಗೊದಲ್ಲಿದ್ದಾನೆ, ಅವನದೂ ಹಳೆಯ ಮನೆ. ಬಾಗಿಲ ಮುಂದಿನ ಕಾಂಕ್ರೀಟ್ ಮೆಟ್ಟಿಲು ಪ್ರತಿ ಚಳಿಗಾಲಕ್ಕೂ ಪದರು ಪದರಾಗಿ ಏಳುತ್ತದೆಂದು ಗೋಳಾಡುತ್ತಾನೆ. ಕಾಂಕ್ರೀಟಿನ ಸಂದಿನಲ್ಲಿ ಹೊಕ್ಕ ನೀರು ಹೆಪ್ಪುಗಟ್ಟಿದರೆ ಶೇ 9ರಷ್ಟು ಹಿಗ್ಗುತ್ತದೆ. ಹಿಮ ಕರಗಿಸಲು ಚೆಲ್ಲುವ ಉಪ್ಪು ಅದಕ್ಕೆ ಕುಮ್ಮಕ್ಕು. ನೆಲವೂ ಹೆಪ್ಪುಗಟ್ಟಿ ಉಬ್ಬುವುದರಿಂದ ಅಲ್ಲಿ ಪಾಯವನ್ನು 42 ಇಂಚು, ಅಂದರೆ ಮೂರೂವರೆ ಅಡಿ ಇಳಿಸಲೇಬೇಕೆಂಬ ನಿಯಮವಿದೆ. ನಮಗೆ ಹಿಮ ಇಲ್ಲ, ಎರಿ ಮಣ್ಣಿದೆ. ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುವ ಈ ಮಣ್ಣಿನ ಚಲನೆ ಮೂರೂವರೆ ಮೀಟರ್ ಆಳದವರೆಗೂ ಇರುತ್ತದೆಂದು ಪಾಯದ ಲೆಕ್ಕ ಹಾಕುವವರು ಹಿಡಿಯುತ್ತಾರೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬುಡದಲ್ಲಿ ಅಗಲವಾಗುವ ಪೈಲ್ ಪಾಯವನ್ನು ರೂಪಿಸಿದ್ದೇ ಈ ಮಣ್ಣಿಗಾಗಿ. ಅವರದು ಮೂರೂವರೆ ಅಡಿ, ನಮ್ಮದು ಮೂರೂವರೆ ಮೀಟರ್! ಚಳಿ ದೇಶದವರನ್ನು ಕಂಡು ಅಯ್ಯೋ ಅನ್ನುವ ಮೊದಲು ಸವಣೂರಿನ ಹೊಲದ ಬಿರುಕಿಗೆ ಕೈ ಇಳಿಸಿ ನೋಡಬೇಕು.

ಹೊಸದಾಗಿ ಕಟ್ಟುವವರಿಗೆ ಇದು ನೇರ ದುಡ್ಡಿನ ವಿಷಯ. ಹಿರೇಕೆರೂರು ಕಡೆಯ ಮಸಾರಿ ನೆಲದಲ್ಲಿ ಕಟ್ಟಿದ ಗೆಳೆಯನ ಖರ್ಚನ್ನು ನೋಡಿ ಎರಿ ನೆಲದವರು ಬಜೆಟ್ ಹಾಕಬಾರದು. ಎರಿಯಲ್ಲಿ ಪೈಲ್ ಬೇಕು, ಇಲ್ಲವೇ ಕರಿಮಣ್ಣು ತೆಗೆದು ಗರಸು ತುಂಬಿ ಬಡಿಯಬೇಕು. ಪಾಯಕ್ಕೇ ಹಣ ಹೆಚ್ಚು ಹೋಗುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಹೀಗಾಗಿಯೇ ಜನ ಅಲ್ಲಿ ಉಳಿಸಿ ಬಾಗಿಲ ಚೌಕಟ್ಟಿಗೆ ಸುರಿಯುತ್ತಾರೆ.

ಹಾಗಾದರೆ ಹಳೆಯ ಮನೆಗೆ ಕಾಂಕ್ರೀಟೇ ಬೇಡವೆ? ಬೇಕು, ಕೆಳಗೆ ಬೇಕು. ಹಾನಗಲ್ ತಾಲ್ಲೂಕಿನ ನಮ್ಮ ಮನೆಗೆ ಮಾಡಿಸಿದ್ದು ಇಷ್ಟೆ: ಗೋಡೆಯ ಸುತ್ತ ಮೂರಡಿ ಅಗಲ, ನಾಲ್ಕಿಂಚು ದಪ್ಪದ ಕಾಂಕ್ರೀಟ್ ಪಟ್ಟಿ, ಹೊರಕ್ಕೆ ಇಳಿಜಾರು, ಅದರಾಚೆ ನೀರನ್ನು ಬೀದಿಗೆ ಒಯ್ಯುವ ಗಟಾರ. 20 ಅಡಿಗೆ 30 ಅಡಿ ಮನೆಯ ಸುತ್ತ ಇದು 336 ಚದರಡಿ ಆಗುತ್ತದೆ, 112 ಘನ ಅಡಿ ಕಾಂಕ್ರೀಟ್. ಒಂದಕ್ಕೆ ಎರಡು ಉಸುಕು, ನಾಲ್ಕು ಖಡಿ ಹಾಕಿದರೆ ಇಪ್ಪತ್ತು ಚೀಲ ಸಿಮೆಂಟ್ ಸಾಕು. ಗಟಾರ, ಆಳು ಎಲ್ಲ ಸೇರಿ ನಲವತ್ತು ಸಾವಿರದ ಆಸುಪಾಸಿನಲ್ಲಿ ಮುಗಿಯಿತು. ಕೆಳಗೆ ಗರಸು ಹಾಸಿ ಬಡಿಸಿದ್ದೆವು. ನಾಲ್ಕೈದು ಅಡಿಗೊಂದು ಸಂದು ಬಿಟ್ಟು ತುಂಡು ತುಂಡಾಗಿ ಹಾಕಿಸಿದ್ದರಿಂದ ನೆಲ ಅಲುಗಿದರೂ ಬಿರುಕು ಅಡ್ಡಾದಿಡ್ಡಿ ಓಡುವುದಿಲ್ಲ. ಸಂದಿಗೆ ಡಾಂಬರು ತುಂಬಿದರಾಯಿತು. ಒಡೆದ ಹಂಚು ಬದಲಿಸಿ, ಬಚ್ಚಲ ನೀರನ್ನು ಗೋಡೆಯಿಂದ ದೂರ ಪೈಪಿನಲ್ಲಿ ಒಯ್ದರೆ ಹಳೆಯ ಮನೆಯ ಅರ್ಧ ರೋಗ ವಾಸಿ. ಬಚ್ಚಲ ಮೋರಿ ಗೋಡೆಯ ಬುಡದಲ್ಲೇ ಸೋರುವ ಮನೆಗಳನ್ನು ನಾಲ್ಕೂ ತಾಲ್ಲೂಕಿನಲ್ಲಿ ಕಂಡಿದ್ದೇನೆ. ಆ ಗೋಡೆಗಳಿಗೆ ವರ್ಷವಿಡೀ ಮಳೆಗಾಲ.

ಸ್ಲ್ಯಾಬೇ ಬೇಕೆಂದರೆ ಗೋಡೆ ಕೆಡವಿ ಪಾಯದಿಂದ ಎಬ್ಬಿಸಿ. 600 ಚದರಡಿಗೆ ನಮಗೆ ಸಿಕ್ಕ ಅಂದಾಜು ಹತ್ತು ಲಕ್ಷ ದಾಟಿತ್ತು. ಹತ್ತು ಲಕ್ಷದ ಕೆಲಸವನ್ನು ಒಂದೂಮುಕ್ಕಾಲು ಲಕ್ಷದಲ್ಲಿ ಮುಗಿಸುವ ಉಪಾಯ ಯಾವ ಗೌಂಡಿಯ ಹತ್ತಿರವೂ ಇಲ್ಲ.

‘ಬಿದ್ದರ ಸರಕಾರ ಕೊಡತೈತಿ’ ಎನ್ನುವವರೂ ಇದ್ದಾರೆ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ರಾಜ್ಯ ಸರಕಾರ 5 ಲಕ್ಷ ಘೋಷಿಸಿದ್ದು ನಿಜ. ಅದು ಆ ವರ್ಷದ ತೀರ್ಮಾನ, ಕಾಯಂ ಹಕ್ಕಲ್ಲ. 2022ರಿಂದ 2026ರ ಅವಧಿಗೆ ವಿಪತ್ತು ಪರಿಹಾರ ನಿಧಿಯ ಮಾನದಂಡದಲ್ಲಿ ಬಯಲು ಸೀಮೆಯಲ್ಲಿ ಪೂರ್ತಿ ಹಾನಿಯಾದ ಮನೆಗೆ 1.20 ಲಕ್ಷ ರೂಪಾಯಿ. ಕನಿಷ್ಠ ಶೇ 15ರಷ್ಟು ಭಾಗಶಃ ಹಾನಿಗೆ ಪಕ್ಕಾ ಮನೆಯಾದರೆ 6,500, ಕಚ್ಚಾ ಮನೆಯಾದರೆ 4,000. ನಾಲ್ಕು ಸಾವಿರಕ್ಕೆ ಹನ್ನೊಂದು ಚೀಲ ಸಿಮೆಂಟ್ ಬರುತ್ತದೆ. ದೊಡ್ಡ ಪರಿಹಾರ ಬಂದರೂ ಪಾಯ, ಗೋಡೆ, ಚಾವಣಿ ಎಂದು ಫೋಟೊ ತೆಗೆದು ಕಂತಿನಲ್ಲಿ ಕೊಡುತ್ತಾರೆ. ಮೊದಲ ಕಂತು ಕೈಗೆ ಬಂದಾಗ ಪಾಯ ದೊಡ್ಡದು ಹಾಕಿ, ಲಿಂಟಲ್ ಮಟ್ಟದಲ್ಲಿ ನಿಂತು ಹುಲ್ಲು ಬೆಳೆದ ಮನೆಗಳನ್ನು ನಮ್ಮ ಕಡೆಯ ದಾರಿಗಳಲ್ಲಿ ಯಾರು ಬೇಕಾದರೂ ನೋಡಬಹುದು. ಎರಡು ಕೋಣೆಯ ಮನೆಗೆ ದುಡ್ಡಿದ್ದರೆ ಎರಡೇ ಕೋಣೆಯ ಪಾಯ ಹಾಕಬೇಕು.

ಸಾಲ ಮಾಡುವವರಿಗೆ ಒಂದು ಲೆಕ್ಕ. 3 ಲಕ್ಷ ರೂಪಾಯಿ, ಐದು ವರ್ಷ. ಶೇ 14ರ ವೈಯಕ್ತಿಕ ಸಾಲವಾದರೆ ತಿಂಗಳಿಗೆ 6,980 ರೂಪಾಯಿ ಕಂತು. ಶೇ 9ರ ಮನೆ ದುರಸ್ತಿ ಸಾಲವಾದರೆ 6,228. ಕೊನೆಗೆ ಬರುವ ವ್ಯತ್ಯಾಸ 45 ಸಾವಿರ, ಅಂದರೆ ಮೇಲೆ ಹೇಳಿದ ಕಾಂಕ್ರೀಟ್ ಪಟ್ಟಿ, ಗಟಾರದ ಪೂರ್ತಿ ಖರ್ಚು. ದುರಸ್ತಿ ಸಾಲಕ್ಕೆ ಬ್ಯಾಂಕು ಕೇಳುವ ಮೊದಲ ಕಾಗದ ಪಂಚಾಯ್ತಿ ಕೊಡುವ ಇ-ಸ್ವತ್ತು. ಅಜ್ಜನ ಹೆಸರಿನಲ್ಲೇ ಉಳಿದ ಮನೆಗೆ ಅದು ಹುಟ್ಟುವುದಿಲ್ಲ. ವಾರಸಾ ಮಾಡಿಸದೆ ಕುಳಿತವರು ಕೊನೆಗೆ ವಾರದ ಕಂತಿನ ಸಂಘದ ಸಾಲಕ್ಕೋ, ಬಂಗಾರ ಒತ್ತೆ ಇಡಲಿಕ್ಕೋ ಹೋಗುತ್ತಾರೆ. ಸಂಬಳದಾರರು ಹಳೆ ತೆರಿಗೆ ಪದ್ಧತಿಯಲ್ಲಿದ್ದರೆ ದುರಸ್ತಿ ಸಾಲದ ಬಡ್ಡಿಗೆ ವರ್ಷಕ್ಕೆ 30,000 ರೂಪಾಯಿವರೆಗೆ ವಿನಾಯಿತಿ ಕೇಳಬಹುದು.

ಇನ್ನು ಕಾಂಕ್ರೀಟ್ ಕಲಸುವ ದಿನ. ಆ ದಿನ ಬೇರೆಲ್ಲ ಕೆಲಸ ಬಿಟ್ಟು ಮಿಕ್ಸರ್ ಪಕ್ಕ ನಿಲ್ಲಿ. ಒಂದು ಚೀಲಕ್ಕೆ 25 ಲೀಟರ್ ನೀರು ಮಿತಿ, ಉಸುಕು ಹಸಿಯಿದ್ದರೆ ಇನ್ನೂ ಕಡಿಮೆ. ನಮ್ಮ ಮನೆಯ ಕೆಲಸದಲ್ಲಿ ಎರಡು ಸಲದ ಮಾಲು ಸರಿಯಾಗಿ ಬಂತು. ಮೂರನೆಯದಕ್ಕೆ ಹುಡುಗ ಯಾರೂ ನೋಡುತ್ತಿಲ್ಲವೆಂದು ಇನ್ನೊಂದು ಬಕೆಟ್ ಸುರಿದ. ಮಾಲು ಅಂಬಲಿಯಂತೆ ಹರಿಯಿತು, ಬುಟ್ಟಿ ಹೊರುವವರಿಗೆ ಸಲೀಸು. ಹೆಚ್ಚಿನ ನೀರು ಆರಿಹೋದ ಜಾಗವೆಲ್ಲ ಸಣ್ಣ ಸಣ್ಣ ಪೊಳ್ಳಾಗಿ ಉಳಿಯುತ್ತದೆ, ಮುಂದಿನ ಮಳೆ ಅಲ್ಲೇ ಹೊಗುತ್ತದೆ. ಸಿಮೆಂಟಿಗೆ ಕೊಟ್ಟ ದುಡ್ಡಿನ ಒಂದು ಪಾಲನ್ನು ಆ ಒಂದು ಬಕೆಟ್ ತೊಳೆದುಬಿಡುತ್ತದೆ.

ಹಾಕಿದ ಮೇಲೆ ನೀರುಣಿಸುವುದು. ಅಂಗಡಿಯಲ್ಲಿ ಈಗ ಹೆಚ್ಚಾಗಿ ಸಿಗುವುದು ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟ್. ಅದಕ್ಕೆ ಕನಿಷ್ಠ ಹತ್ತು ದಿನ ಹಸಿ ಆರಬಾರದೆಂದು ಭಾರತೀಯ ಮಾನಕ 456 ಹೇಳುತ್ತದೆ. ಮಣ್ಣಿನ ಮಡಿ ಕಟ್ಟಿ ನೀರು ನಿಲ್ಲಿಸಿ, ಇಲ್ಲವೇ ಹಸಿ ಗೋಣಿಚೀಲ ಹೊದಿಸಿ. ಏಪ್ರಿಲ್, ಮೇ ಬಿಸಿಲಲ್ಲಿ ಟ್ಯಾಂಕರ್ ನೀರು ಕೊಂಡು ಇದನ್ನು ಮಾಡಲು ಹೋದವರಿಗೆ ಕಷ್ಟ ಗೊತ್ತು. ಷಿಕಾಗೊದವರಿಗೆ ಚಳಿ ಬಂದರೆ ಕಾಂಕ್ರೀಟ್ ಕೆಲಸ ಕಷ್ಟ. ನಮ್ಮ ಚಳಿ ಹೆಪ್ಪುಗಟ್ಟಿಸುವಷ್ಟಲ್ಲ, ನೀರು ಬೇಗ ಆರದಂತೆ ಕಾಯುವಷ್ಟೇ. ಗೋವಿನಜೋಳ ಮಾರಿದ ರೊಕ್ಕವೂ ಆಗಲೇ ಕೈಯಲ್ಲಿರುತ್ತದೆ. ಆದರೂ ನಮ್ಮವರೆಲ್ಲ ಮುಂಗಾರು ತಲೆಯ ಮೇಲೆ ಬಂದಾಗ ಗೌಂಡಿಯನ್ನು ಹುಡುಕುತ್ತಾರೆ, ಆಗ ಪಗಾರವೂ ಏರಿರುತ್ತದೆ.

ತಂಗಿಯ ಮನೆಯ ಹಂಚು ಹಾಗೇ ಇದೆ. ಸ್ಲ್ಯಾಬಿನ ದುಡ್ಡಿನಲ್ಲಿ ಗೋಡೆಯ ಕೆಳಭಾಗದ ಸಿಮೆಂಟ್ ಕಿತ್ತು ಮಣ್ಣು ಮೆತ್ತಿಸಿ, ಸುತ್ತ ಪಟ್ಟಿ ಹಾಕಿಸಿ, ಉಳಿದದ್ದನ್ನು ಠೇವಣಿ ಇಟ್ಟಿದ್ದಾರೆ. ನೀವೂ ಮೇ ತಿಂಗಳಿಗೆ ತಾರೀಖು ಕೊಡುವ ಗೌಂಡಿಗೆ ‘ದೀಪಾವಳಿ ಆದಮ್ಯಾಲ ಬಾ’ ಎನ್ನಿ. ಅಷ್ಟರಲ್ಲಿ ಪಂಚಾಯ್ತಿಗೆ ಹೋಗಿ ಮನೆಯ ಇ-ಸ್ವತ್ತು ಯಾರ ಹೆಸರಿನಲ್ಲಿದೆ ನೋಡಿಕೊಂಡು ಬನ್ನಿ.