ಕಡಿದ ಎಳೆಯ ಜಾಡು

ಗುಳೇದಗುಡ್ಡದ ಮಗ್ಗದ ಮನೆಯಲ್ಲಿ ಖಣ ನೇಯುತ್ತಿರುವ ನೇಕಾರನಿಗೆ ಬಟ್ಟೆಯಲ್ಲೊಂದು ದೋಷ ಕಂಡಿತೆನ್ನಿ. ಆತನು ಮಗ್ಗವನ್ನೆಲ್ಲ ಬಿಚ್ಚಿಹಾಕುವುದಿಲ್ಲ. ಲಾಳಿಯನ್ನು ನಿಲ್ಲಿಸಿ, ಹಾಸಿನ ಎಳೆಯನ್ನು ಹಿಡಿದು, ಅದು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ ಕಡಿದ ಸ್ಥಳವನ್ನು ಕಂಡುಹಿಡಿಯುತ್ತಾನೆ. ಕೆಟ್ಟ ಕಂಪ್ಯೂಟರನ್ನು ಪರೀಕ್ಷಿಸುವವನೂ ಹೀಗೆಯೇ ಹಿಂದಕ್ಕೆ ನಡೆಯಬೇಕಾಗುತ್ತದೆ. ಆತನು ಹಿಡಿಯುವ ಎಳೆ ವಿದ್ಯುತ್ತು.

ನಮ್ಮ ದೇಶದ ಶಾಲೆಗಳಿಗೆ ಕಂಪ್ಯೂಟರನ್ನು ಪರಿಚಯಿಸಲು ಕೇಂದ್ರ ಸರಕಾರವು 1984ರಲ್ಲಿ ‘ಕ್ಲಾಸ್’ ಎಂಬ ಯೋಜನೆಯನ್ನು ಆರಂಭಿಸಿತು. ಅದಕ್ಕೆ ಆರಿಸಿದ ಯಂತ್ರವು ಇಂಗ್ಲೆಂಡಿನ ಏಕಾರ್ನ್ ಸಂಸ್ಥೆಯು 1981ರಲ್ಲಿ ಹೊರತಂದಿದ್ದ ಬಿ.ಬಿ.ಸಿ. ಮೈಕ್ರೊ. ಅಂಥ ಯಂತ್ರಗಳನ್ನು ಇಂದು ಹವ್ಯಾಸಿಗಳು ಜತನದಿಂದ ಕಾಪಾಡುತ್ತಿದ್ದಾರೆ. ಆದರೆ ಒಂದು ಸಣ್ಣ ಬಿಡಿಭಾಗ ಕೆಟ್ಟುದಕ್ಕೆ ಇಡೀ ಯಂತ್ರವೇ ಗುಜರಿಯ ಪಾಲಾಗುವುದೂ ಉಂಟು.

ಸ್ವಿಚ್ಚು ಹಾಕಿದೊಡನೆ ಸುಸ್ಥಿತಿಯ ಬಿ.ಬಿ.ಸಿ. ಮೈಕ್ರೊ ಎರಡು ಸಲ ಸದ್ದು ಮಾಡುತ್ತದೆ: ಮೊದಲು ತಗ್ಗಿದ ನಾದ, ಬಳಿಕ ಚಿಕ್ಕದೊಂದು ಏರುದನಿ. ಮೊದಲ ನಾದವೇ ಎಡೆಬಿಡದೆ ಮೊಳಗಿದರೆ, ವಿದ್ಯುತ್ತು ಅಷ್ಟಿಷ್ಟಾದರೂ ಬರುತ್ತಿದೆ, ಯಂತ್ರದ ಮಿದುಳು ಮಾತ್ರ ಎಚ್ಚತ್ತಿಲ್ಲ ಎಂದರ್ಥ. ಸದ್ದೇ ಇಲ್ಲದಿದ್ದರೆ ಮೊದಲ ಅನುಮಾನ ವಿದ್ಯುತ್ ಪೂರೈಕೆಯ ಪೆಟ್ಟಿಗೆಯ ಮೇಲೆ. 230 ವೋಲ್ಟುಗಳ ಪರ್ಯಾಯ ಪ್ರವಾಹವನ್ನು 5 ವೋಲ್ಟುಗಳ ನೇರ ಪ್ರವಾಹವನ್ನಾಗಿ ಮಾಡಿಕೊಡುವುದು ಅದರ ಮುಖ್ಯ ಕೆಲಸ. ಆ 5 ವೋಲ್ಟು ನಾಲ್ಕೂವರೆಗೆ ಇಳಿದರೆ ಯಂತ್ರ ತಡವರಿಸುತ್ತದೆ. ಮಿತಿಮೀರಿ ಏರಿದರೆ ಸುಲಭವಾಗಿ ದೊರೆಯದ ಚಿಪ್‌ಗಳು ಸುಟ್ಟುಹೋಗುತ್ತವೆ. ಆದುದರಿಂದ ಪರಿಣತರು ಪೆಟ್ಟಿಗೆಯನ್ನು ಯಂತ್ರದಿಂದ ಬೇರ್ಪಡಿಸಿ, ಹೊರೆಯಾಗಿ ಮೋಟಾರು ವಾಹನದ ದೀಪವೊಂದನ್ನು ಜೋಡಿಸಿ ಅಳೆಯುತ್ತಾರೆ. ಮಾಪಕವು 5 ತೋರಿಸಿದರೂ ಅವಸರದ ತೀರ್ಮಾನ ಸಲ್ಲದು. ಕೆಪ್ಯಾಸಿಟರುಗಳು ಒಣಗಿದ್ದರೆ ವೋಲ್ಟೇಜು ಅಲೆಯಂತೆ ಏರಿಳಿಯುತ್ತಿದ್ದರೂ ಮಾಪಕಕ್ಕೆ ಕಾಣುವುದು ಅದರ ಸರಾಸರಿ ಮಾತ್ರ. ಅಲೆಯನ್ನು ಕಾಣಲು ಆಸಿಲೋಸ್ಕೋಪ್ ಬೇಕು.

ಪೆಟ್ಟಿಗೆಯೊಳಗಿನ ದೊಡ್ಡ ಕೆಪ್ಯಾಸಿಟರು ಸುಮಾರು 325 ವೋಲ್ಟುಗಳನ್ನು ಹಿಡಿದಿರುತ್ತದೆ. ಪ್ಲಗ್ಗನ್ನು ಕಿತ್ತ ಮೇಲೂ ಆ ಶಕ್ತಿ ಕೆಲಕಾಲ ಉಳಿದು ಜೀವಕ್ಕೇ ಎರವಾದೀತು. ಬಲ್ಲವರು ಅದನ್ನು ರೋಧಕದ ಮೂಲಕ ಬರಿದುಮಾಡಿ, ಅಳೆದು ನೋಡಿದ ಬಳಿಕವೇ ಕೈಯಿಡುತ್ತಾರೆ. ವಿದ್ಯಾರ್ಥಿಗಳು ಇಂಥ ಪೆಟ್ಟಿಗೆಯನ್ನು ತಾವಾಗಿ ತೆರೆಯಲೇಬಾರದು.

ಈ ಯಂತ್ರಗಳಲ್ಲಿ ಪದೇಪದೇ ಸಿಕ್ಕಿಬೀಳುವ ತಪ್ಪಿತಸ್ಥನು, ವಿದ್ಯುತ್ತು ಪೆಟ್ಟಿಗೆಯನ್ನು ಪ್ರವೇಶಿಸುವ ಕಡೆ ಕುಳಿತಿರುವ ಪುಟ್ಟದೊಂದು ಕಾಗದದ ಕೆಪ್ಯಾಸಿಟರು. ವರ್ಷಗಳು ಕಳೆದಂತೆ ಅದರ ಹೊರಕವಚ ಬಿರಿದು, ಗಾಳಿಯ ತೇವ ಒಳಸೇರುತ್ತದೆ. ಒಂದು ದಿನ ಅದು ಸಿಡಿದು, ಕಟುವಾಸನೆಯ ಹೊಗೆ ಕೋಣೆಯನ್ನೆಲ್ಲ ತುಂಬುತ್ತದೆ. ವಿಚಿತ್ರವೆಂದರೆ, ಹೊಗೆಯ ನಡುವೆಯೂ ಯಂತ್ರ ಓಡುತ್ತಲೇ ಇರುವುದುಂಟು! ಏಕೆಂದರೆ ಆ ಭಾಗದ ಕೆಲಸ ವಿದ್ಯುತ್ತನ್ನು ಒದಗಿಸುವುದಲ್ಲ, ತಂತಿಯಲ್ಲಿ ಹರಿದಾಡುವ ವಿದ್ಯುತ್ ಗದ್ದಲವನ್ನು ಸೋಸುವುದು. ಅನುಭವಿಗಳು ಬಿರುಕು ಕಂಡೊಡನೆಯೇ ಅದನ್ನು ತೆಗೆದು ಹೊಸದನ್ನು ಬೆಸೆಯುತ್ತಾರೆ.