14 ತುಂಬಿದರೆ ಸಾಲದು, 18 ತುಂಬಬೇಕು



"ಎಸ್ಸೆಸ್ಸೆಲ್ಸಿಯಲ್ಲಿ ನಪಾಸಾದ. ಸುಮ್ಮನೆ ಮನೆಯಲ್ಲಿ ಕೂತು ಏನು ಮಾಡುತ್ತಾನೆ? ಎಲ್ಲಾದರೂ ಕೆಲಸಕ್ಕೆ ಹಚ್ಚೋಣ." ಈ ಮಾತು ನಮ್ಮ ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ಬಡತನದಲ್ಲಿ ಇದು ತಪ್ಪು ಮಾತೇನಲ್ಲ. ಆದರೆ ಎಂಥ ಕೆಲಸಕ್ಕೆ ಕಳಿಸುತ್ತೇವೆ ಎಂಬುದನ್ನು ಯೋಚಿಸಿದ್ದೇವೆಯೇ?

2023ರ ಆಗಸ್ಟ್ 29ರಂದು ಹಾವೇರಿ ತಾಲೂಕಿನ ಆಲದಕಟ್ಟಿಯಲ್ಲಿ ಪಟಾಕಿ ಗೋದಾಮಿಗೆ ಬೆಂಕಿ ಬಿದ್ದು ಕಾರ್ಮಿಕರು ಸುಟ್ಟು ಸತ್ತರು. ವೆಲ್ಡಿಂಗ್ ಕೆಲಸದ ಕಿಡಿಯೇ ಕಾರಣವೆಂದು ವರದಿಯಾಯಿತು. ಅದೇ ವರ್ಷ ಅಕ್ಟೋಬರ್ 7ರಂದು ಬೆಂಗಳೂರಿನ ಹತ್ತಿರ ಅತ್ತಿಬೆಲೆಯ ಪಟಾಕಿ ಮಳಿಗೆ ಹತ್ತಿ ಉರಿಯಿತು. ದೀಪಾವಳಿಗೆ ಮುಂಚೆ ನಾಲ್ಕು ದಿನ ದುಡಿಯಲು ತಮಿಳುನಾಡಿನಿಂದ ಬಂದಿದ್ದ ವಿದ್ಯಾರ್ಥಿಗಳೂ ಸತ್ತವರಲ್ಲಿದ್ದರು. ದೊಡ್ಡವರೇ ಪಾರಾಗದ ಬೆಂಕಿಯಿಂದ 16ರ ಹುಡುಗ ಹೇಗೆ ಪಾರಾದಾನು?

ಕಾನೂನು ಏನು ಹೇಳುತ್ತದೆ?

1986ರ ಬಾಲಕಾರ್ಮಿಕ ಕಾಯ್ದೆ ಮೊದಲು 14ರೊಳಗಿನವರನ್ನು ಮಾತ್ರ ಕಾಯುತ್ತಿತ್ತು. 2016ರ ತಿದ್ದುಪಡಿ 14ರಿಂದ 18ರೊಳಗಿನ ಕಿಶೋರರನ್ನೂ ಅದರೊಳಗೆ ತಂದಿತು. ಅದರ ಸಾರ ಇಷ್ಟು:

1. 14ರೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಸ್ವಂತ ಹೊಲದಲ್ಲಿ ಅಪಾಯವಿಲ್ಲದ ಕೆಲಸಕ್ಕೆ ನೆರವಾಗಬಹುದು. ಆದರೆ ರಾಣೆಬೆನ್ನೂರಿನ ಕಡೆ ಬೇರೆಯವರ ಬೀಜೋತ್ಪಾದನೆಯ ಹೊಲಕ್ಕೆ ಕೂಲಿಗೆ ಕಳಿಸುವಂತಿಲ್ಲ.

2. 18 ತುಂಬದವರನ್ನು ಗಣಿ, ಸ್ಫೋಟಕ, ಬೇಗ ಹೊತ್ತಿಕೊಳ್ಳುವ ವಸ್ತುಗಳ ಕೆಲಸ ಹಾಗೂ ಅಪಾಯಕಾರಿಯೆಂದು ಪಟ್ಟಿ ಮಾಡಿದ ಇತರ ಕೆಲಸಗಳಿಗೆ ಹಚ್ಚುವಂತಿಲ್ಲ. ಪಟಾಕಿ ತಯಾರಿಕೆಯಷ್ಟೇ ಅಲ್ಲ, ಅದನ್ನು ಕೂಡಿಡುವುದೂ ಮಾರುವುದೂ ಇದರಲ್ಲಿ ಸೇರಿವೆ.

3. ಬೇರೆ ಅಂಗಡಿ, ಕಾರ್ಯಾಗಾರಗಳಲ್ಲೂ ಕಿಶೋರರಿಗೆ ಬಿಡುವೂ ಸೇರಿ ದಿನಕ್ಕೆ 6 ಗಂಟೆ ಮಾತ್ರ ಕೆಲಸ. 3 ಗಂಟೆಗೊಮ್ಮೆ ಒಂದು ಗಂಟೆ ಬಿಡುವು, ವಾರಕ್ಕೊಂದು ರಜೆ. ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸವಿಲ್ಲ.

4. ನಿಷೇಧ ಮೀರಿದ ಮಾಲೀಕನಿಗೆ 6 ತಿಂಗಳಿಂದ 2 ವರ್ಷ ಸೆರೆ, ಅಥವಾ 20 ಸಾವಿರದಿಂದ 50 ಸಾವಿರ ರೂಪಾಯಿ ದಂಡ, ಅಥವಾ ಎರಡೂ. ಒಮ್ಮೆ ತಪ್ಪಿ ಮತ್ತೆ ಕಳಿಸಿದ ತಂದೆತಾಯಿಗೂ 10 ಸಾವಿರದವರೆಗೆ ದಂಡವಿದೆ.

"ವಯಸ್ಸು ಒಂದೆರಡು ವರ್ಷ ಹೆಚ್ಚು ಹೇಳಿದರಾಯಿತು" ಎನ್ನಬೇಡಿರಿ. ಆ ಸುಳ್ಳಿಗೆ ಬೆಲೆ ತೆರುವವನು ಹುಡುಗ. ಪೋಪ್ ಹದಿಮೂರನೆಯ ಲಿಯೋ 1891ರಷ್ಟು ಹಿಂದೆಯೇ ತಮ್ಮ ಪರಿಪತ್ರದಲ್ಲಿ, ಮೈಮನಸ್ಸು ಬಲಿಯುವ ತನಕ ಮಕ್ಕಳನ್ನು ಕಾರ್ಖಾನೆಗೆ ಸೇರಿಸಬಾರದೆಂದು ಎಚ್ಚರಿಸಿದ್ದರು.

ಹಾಗಾದರೆ ದಾರಿಯೇನು? ನಪಾಸಾದವರನ್ನು ಮತ್ತೆ ಪರೀಕ್ಷೆಗೆ ಕೂರಿಸಿರಿ. ಐಟಿಐಯ ಕೆಲವು ವೃತ್ತಿಗಳಿಗೆ 8ನೆಯ ತರಗತಿ ಪಾಸಾದವರೂ ಸೇರಬಹುದು, ವಿಚಾರಿಸಿರಿ. ಅಪಾಯದ ಕೆಲಸದಲ್ಲಿರುವ ಮಕ್ಕಳನ್ನು ಕಂಡರೆ 1098ಕ್ಕೆ ಫೋನ್ ಮಾಡಿರಿ.

ಈ ವಾರ ಮನೆಯಲ್ಲಿ ಕೂಡಿ ಮಾತಾಡಿರಿ:

ನಮ್ಮ ಓಣಿಯಲ್ಲಿ ಶಾಲೆ ಬಿಟ್ಟು ದುಡಿಯುತ್ತಿರುವ ಹುಡುಗ ಹುಡುಗಿಯರು ಯಾರು? ಅವರ ಕೆಲಸ ಎಂಥದ್ದು? ಆ ಮನೆಗೆ ನಾವು ಯಾವ ರೀತಿ ಆಸರೆಯಾಗಬಹುದು?